ಮುಳ್ಳು ತಿಳಿಯದ ಕಾಲು

ನಮ್ಮ ಮನೆಯಲ್ಲಿ ಹುಲ್ಲು ಎಂದರೆ ಎರಡೇ ಬಗೆ. ಕುರಿ ತಿನ್ನುವುದು ಒಂದು, ತಿನ್ನದಿರುವುದು ಇನ್ನೊಂದು. ನಂದಗಡದಿಂದ ಮೂರು ಮೈಲಿ ಒಳಗಿನ ಊರು ನಮ್ಮದು. ಅಪ್ಪನ ಹಿಂಡಿನಲ್ಲಿ ಅರವತ್ತು ಎಪ್ಪತ್ತು ಕುರಿಗಳಿದ್ದವು, ಜೊತೆಗೆ ಒಂದು ತುಂಡು ಭತ್ತದ ಗದ್ದೆ. ಗದ್ದೆಯಲ್ಲಿ ಕರಿಕೆ ಹುಲ್ಲು ಕಂಡರೆ ಅವ್ವ ಬೇರುಸಮೇತ ಕಿತ್ತೆಸೆದು, ಅದರ ಹಿಂದೆ ಎರಡು ಬೈಗುಳವನ್ನೂ ಎಸೆಯುತ್ತಿದ್ದಳು. ಅಂಥ ಮನೆಯಿಂದ ಬಂದ ನಾನು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ಹುಲ್ಲು ನೆಡುವ ಕೆಲಸ ಕಲಿಯಲು ಹೋದೆ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ಹುಲ್ಲಿನ ಮೇಲೆ ಪ್ರೀತಿ ಉಕ್ಕಿ ಹೋದೆ ಎಂದರೆ ಸುಳ್ಳಾಗುತ್ತದೆ.

"ಕುರಿಗೂ ಹಾಕಂಗಿಲ್ಲ, ದನಕ್ಕೂ ಹಾಕಂಗಿಲ್ಲ. ಮತ್ತ್ಯಾಕ ಬೆಳಸ್ತಾರ?" ಎಂದು ಅಪ್ಪ ಕೇಳಿದ.

"ನೋಡಾಕ."

"ನೋಡಾಕ?" ಅಪ್ಪ ನಗಲು ಶುರುಮಾಡಿ ನಡುವೆಯೇ ನಿಲ್ಲಿಸಿದ. "ಹೋಗು ಮತ್ತ. ನೋಡಕೊಂತ ಕೂಡು."

ಆ ಮಾತು ನನಗೆ ನಾಟಿತ್ತು. ನನಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಮರುದಿನವೇ ಬಟ್ಟೆಗಂಟು ಕಟ್ಟಿ ಖಾನಾಪುರಕ್ಕೆ ಬಸ್ಸು ಹಿಡಿದು, ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ದೇಸೂರಕ್ಕೆ ಬಂದು ಇಳಿದೆ.

ದೇಸೂರ ಸ್ಟೇಷನ್ನಿನ ಬಾಜುವಿಗೇ ಸಾಹುಕಾರರ ನರ್ಸರಿ. ಕೆಲಸದವರೆಲ್ಲ ಅವರನ್ನು ಸಾವ್ಕಾರ್ರ ಎಂದು ಕರೆಯುತ್ತಿದ್ದರೇ ಹೊರತು ಅವರ ಹತ್ತಿರ ಸಾಹುಕಾರಿಕೆ ಏನೂ ಇರಲಿಲ್ಲ. ಜೈನರು, ಅಜ್ಜನ ಕಾಲದ ಕಿರಾಣಿ ಅಂಗಡಿಯನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಗಿಡಗಳ ಹಿಂದೆ ಬಿದ್ದವರು. ಬೆಳಗಾವಿಯ ಹೊಸ ಬಂಗಲೆಗಳ ಮುಂದೆ ತೋಟ ಮಾಡಿಕೊಡುವುದು, ಲಾನ್ ಹಾಸುವುದು ಅವರ ದಂಧೆ. ಅವರಿಗೊಂದು ನೇಮವಿತ್ತು. ಮಳೆಗಾಲದ ನಾಲ್ಕು ತಿಂಗಳು, ಅಂದರೆ ಚಾತುರ್ಮಾಸದಲ್ಲಿ, ಅವರು ಹೊಸದಾಗಿ ನೆಲ ಅಗೆಸುತ್ತಿರಲಿಲ್ಲ, ಹಸಿರು ಹುಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ. ಹುಲ್ಲಿಗೂ ಜೀವ, ಅದರ ಬುಡದಲ್ಲಿ ಹರಿದಾಡುವ ಹುಳುಹುಪ್ಪಟೆಗೂ ಜೀವ. ಲಾನಿನ ಸುತ್ತ ಇಟ್ಟಂಗಿಯ ಅಂಚು ಕಟ್ಟಿಸಿ, ಆ ಅಂಚಿನ ಮೇಲೆಯೇ ನಡೆದು, ಕೈಯಲ್ಲಿ ಒಂದು ಬಿದಿರುಕೋಲು ಹಿಡಿದು ನಮಗೆ ಕೆಲಸ ಹೇಳುತ್ತಿದ್ದರು. ಲಾನ್ ಮಾರುವ ಮನುಷ್ಯ ಲಾನ್ ತುಳಿಯುವುದಿಲ್ಲ! ನಾನು ಮೊದಲ ವರ್ಷ ಇದನ್ನು ಮೈಗಳ್ಳತನ ಎಂದೇ ತಿಳಿದಿದ್ದೆ. ಕೆಸರಿನಲ್ಲಿ ಬಗ್ಗಿ ಕಳೆ ಕೀಳುವಾಗ ಅಂಚಿನ ಮೇಲೆ ಸ್ವಚ್ಛ ಧೋತರ ಉಟ್ಟು ನಿಂತವರನ್ನು ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ.

ಆದರೆ ಕಲಿಸಲು ಕೂತರೆ ಅವರಂಥವರಿಲ್ಲ. ಮೊದಲು ಇಳಿಜಾರು. ನೆಲ ಹದ ಮಾಡಿದ ಮೇಲೆ ಎತ್ತರದ ಮೂಲೆಯಲ್ಲಿ ಒಂದು ಬಕೆಟ್ ನೀರು ಸುರಿಸಿ ನನ್ನನ್ನು ಅದರ ಹಿಂದೆ ಕಳಿಸುತ್ತಿದ್ದರು. "ನೀರ ಎಲ್ಲಿ ನಿಂತತಿ ನೋಡ ತಮ್ಮಾ. ಬೆಳಗಾವಿ ಮಳಿ ನಿನ್ನ ತಪ್ಪ ಮಾಫ ಮಾಡಂಗಿಲ್ಲ." ನಂತರ ಕಳೆ. ಮಣ್ಣು, ಮರಳು, ಗೊಬ್ಬರ ಎಲ್ಲ ಕಲಸಿ ಹರವಿದ ಮೇಲೆ ಹುಲ್ಲು ನೆಡದೆ ಬರೀ ನೆಲಕ್ಕೆ ಹದಿನೈದು ದಿನ ನೀರು ಹೊಡೆಯಬೇಕು. ಮಣ್ಣಿನಲ್ಲಿ ಅಡಗಿದ ಬೀಜಗಳೆಲ್ಲ ಮೊಳೆತು ಮೇಲೆ ಬರುತ್ತವೆ. ಅವನ್ನು ಕಿತ್ತು ಮತ್ತೆ ಹದಿನೈದು ದಿನ ನೀರು. ಹೀಗೆ ಎರಡು ಸಲ. ಆಮೇಲೆ ಆ ನೆಲಕ್ಕೆ ಹೊರಗಿನ ಒಂದು ಹಿಡಿ ಮಣ್ಣೂ ಬೀಳಕೂಡದು. ಗೊಬ್ಬರವಂತೂ ಅವರ ನರ್ಸರಿಯ ಗುಂಡಿಯಲ್ಲಿ ಒಂದು ವರ್ಷ ಕೊಳೆತದ್ದೇ ಆಗಬೇಕು. ಈ ಎರಡು ಮಾತನ್ನು ಅವರು ನೂರು ಸಲ ಹೇಳಿರಬಹುದು.

ಮೂರನೆಯ ವರ್ಷ ನನ್ನ ಕೈಗೇ ಪೂರಾ ಒಪ್ಪಿಸಿದ ಮೊದಲ ಕೆಲಸ ನೆಹರು ನಗರದ ಹತ್ತಿರದ ಒಂದು ಮನೆ. ಗಂಡ ಬ್ಯಾಂಕಿನಿಂದ ನಿವೃತ್ತರಾದವರು. ಹೆಂಡತಿ ಪ್ರಾಥಮಿಕ ಸಾಲಿಯಲ್ಲಿ ಶಿಕ್ಷಕಿಯಾಗಿದ್ದವರು, ಓಣಿಯವರೆಲ್ಲ ಅಕ್ಕಾವ್ರು ಎನ್ನುತ್ತಿದ್ದರು. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಅಕ್ಕಾವ್ರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದರು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ಚೇಷ್ಟೆ ಹಾಗೇ ಇತ್ತು. ಪಡಸಾಲೆಯ ಕುರ್ಚಿಯಲ್ಲಿ ಕೂತು ನಾವು ಮಣ್ಣು ಹೊರುವುದನ್ನು ನೋಡುತ್ತ, "ನೀ ನನಗಿಂತ ಸಾವಕಾಶ ಅದೀಯಲ್ಲೋ" ಎಂದು ನನ್ನನ್ನು ಕಾಡುತ್ತಿದ್ದರು.

ಅವರ ಮನೆಯ ಮುಂದೆ ಎರಡು ಗುಂಟೆ ಜಾಗ, ಅದರ ಆ ತುದಿಗೆ ತುಳಸಿಕಟ್ಟೆ. ಮದುವೆಯಾಗಿ ಬಂದಾಗಿನಿಂದ ಅಲ್ಲಿ ದೀಪ ಹಚ್ಚುತ್ತಿದ್ದವರು ಅಕ್ಕಾವ್ರೇ. ಈಗ ಗಂಡ ಹಚ್ಚುತ್ತಿದ್ದರು, ಬತ್ತಿ ಹೊಸೆಯಲು ಬಾರದಿದ್ದರೂ. ಮನೆಗೆ ಬಂದು ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ಹೇಳಿದ್ದಳಂತೆ, ಮೆತ್ತಗಿನ ನೆಲದ ಮೇಲೆ ನಡೆದರೆ ಬಿದ್ದರೂ ಪೆಟ್ಟಾಗುವುದಿಲ್ಲ, ಬೀಳುವ ಅಂಜಿಕೆ ಹೋಗುತ್ತದೆ ಎಂದು. ಚಪ್ಪಲಿ ಆ ಕಾಲಿನಲ್ಲಿ ನಿಲ್ಲುತ್ತಿರಲಿಲ್ಲ, ಬರಿಗಾಲಲ್ಲೇ ನಡೆಯಬೇಕು. "ತುಳಸಿಕಟ್ಟಿ ತನಕಾ ಹುಲ್ಲ ಹಾಸ್ರಿ. ಆಕಿ ಅಲ್ಲೀತನಕಾ ಹೋದ್ರ ಸಾಕು, ನನಗ ಮತ್ತೇನೂ ಬ್ಯಾಡ" ಎಂದರು ಗಂಡ. ಹೇಳುವಾಗ ಅವರು ನಮ್ಮ ಮುಖ ನೋಡಲಿಲ್ಲ.

ಆ ಅಮಾವಾಸ್ಯೆಗೆ ಊರಿಗೆ ಹೋದಾಗ ನಾನು ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಅವನು ಹಟ್ಟಿಯ ಮುಂದೆ ಕೂತು ಕುರಿಹಿಕ್ಕೆಯನ್ನು ಗುಂಡುಕಲ್ಲಿನಿಂದ ಪುಡಿಮಾಡಿ, ಅವ್ವನ ದೊಡ್ಡ ಕಣ್ಣಿನ ಜರಡಿಯಲ್ಲಿ ಸಾಣಿಸುತ್ತಿದ್ದ. ಅವ್ವ ಜರಡಿಗಾಗಿ ಬೊಬ್ಬೆ ಹಾಕುತ್ತಿದ್ದಳು. ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ನಾಲ್ಕು ಚೀಲ ತುಂಬಿ, ಬಾಯಿ ಹೊಲಿದು, ತಾನೇ ಬಸ್ಸಿನ ಮೇಲೆ ಏರಿಸಿದ. "ಆ ಸಾಲಿ ಬಾಯಾರ ಕಾಲಿಗೆ ಹುಲ್ಲ ಮೆತ್ತಗ ಬರಲಿ. ಇದರಂಥಾ ಗೊಬ್ಬರ ನಿಮ್ಮ ಸಾವ್ಕಾರನ ಹಂತ್ಯಾಕ ಇಲ್ಲ." ನನ್ನ ಕೆಲಸವನ್ನು ಅಪ್ಪ ಕೆಲಸ ಎಂದು ಒಪ್ಪಿದ್ದು ಅದೇ ಮೊದಲು. ಬಸ್ಸಿನಲ್ಲಿ ನನಗೆ ಕಣ್ಣು ತುಂಬಿ ಬಂದಿತ್ತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆಗ ಸಾಹುಕಾರರು ಊರಲ್ಲಿರಲಿಲ್ಲ, ಬೀಗರ ಮನೆಯ ಕಷ್ಟಕ್ಕೆಂದು ಕೊಲ್ಲಾಪುರದ ಕಡೆ ಹೋಗಿದ್ದರು. ನೆಲ ಎರಡು ಸಲ ಮೊಳಕೆ ಕಿತ್ತು ಸಿದ್ಧವಾಗಿತ್ತು. ಮೇಲೆ ಇನ್ನೇನೂ ಹಾಕಕೂಡದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅಪ್ಪನ ನಾಲ್ಕು ಚೀಲವನ್ನು ಕೈಯಾರೆ ಹರವಿದೆ. ನಮ್ಮ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಗೊಬ್ಬರಕ್ಕೆಂದು ರಾತ್ರಿಯಿಡೀ ಕುರಿ ತರುಬಲು ರೈತರು ಅಪ್ಪನನ್ನು ಕರೆದುಕರೆದು ಒಯ್ಯುತ್ತಿದ್ದರು. ಅಂಥ ಗೊಬ್ಬರದಿಂದ ಕೇಡಾಗುತ್ತದೆಂದು ನಮ್ಮ ಮನೆತನದಲ್ಲಿ ಯಾರೂ ಕನಸು ಕಂಡವರಲ್ಲ. ಅದರ ಮೇಲೆ ಕರಿಕೆಯ ಬೇರುಕಡ್ಡಿಗಳನ್ನು ನಾಲ್ಕು ಬೆರಳಿಗೊಂದರಂತೆ ನೆಟ್ಟು, ಹಲಗೆ ಬಡಿದು, ನೀರು ಹೊಡೆದೆವು. ಸಾಹುಕಾರರು ತಿರುಗಿ ಬಂದು ಅಂಚಿನಲ್ಲಿ ನಿಂತು ಮೂಗಿನಿಂದ ಉಸಿರು ಎಳೆದರು.

"ಗೊಬ್ಬರ ಎಲ್ಲೀದೋ?"

"ನಮ್ಮ ಗುಂಡೀದ ರೀ."

ಅವರು ತಲೆಯಾಡಿಸಿದರು. ಅವತ್ತು ಆ ಸುಳ್ಳು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಈಗಲೂ ನೆನೆಸಿದರೆ ಮೈ ಉರಿಯುತ್ತದೆ.

ಮಳೆ ಹಿಡಿಯಿತು. ಕರಿಕೆ ಹಬ್ಬಿತು. ಚಾತುರ್ಮಾಸ ಶುರುವಾಗಿ ಸಾಹುಕಾರರು ಅಂಚು ಹತ್ತಿದರು. ಎರಡನೆಯ ತಿಂಗಳಲ್ಲಿ, ಮಳೆ ಹೊಳವಾದ ಒಂದು ಬೆಳಿಗ್ಗೆ ಬಗ್ಗಿ ಹುಲ್ಲು ಕತ್ತರಿಸುತ್ತಿದ್ದವನು ಕೈ ನಿಲ್ಲಿಸಿದೆ. ಕರಿಕೆಯ ನಡುವೆ ಬಟಾಣಿ ಬಣ್ಣದ ಸಣ್ಣ ಸಸಿ, ಬಾಚಣಿಕೆಯ ಹಲ್ಲಿನಂಥ ಎಲೆ. ಅದರ ಬಾಜು ಇನ್ನೊಂದು. ಅದರಾಚೆ ಐದಾರು. ಕುರಿಯ ಹಿಂದೆ ಬೆಳೆದವನಿಗೆ ಜಾಲಿಗಿಡವನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ.

ಆಗ ಎಲ್ಲ ಹೊಳೆಯಿತು. ಬೇಸಿಗೆಯಲ್ಲಿ ನಮ್ಮ ಕಡೆ ಮೇವು ಸಾಲದೆ ಅಪ್ಪ ಹಿಂಡನ್ನು ಬೈಲಹೊಂಗಲದ ಎರೆಹೊಲಗಳ ಕಡೆ ಹೊಡೆದುಕೊಂಡು ಹೋಗುತ್ತಿದ್ದ. ಅಲ್ಲಿ ಬದುವಿನ ತುಂಬ ಜಾಲಿಮರ. ಅಪ್ಪ ದೋಟಿಯಿಂದ ಕಾಯಿ ಉದುರಿಸುತ್ತಿದ್ದ, ಕುರಿಗಳು ಮುಗಿಬಿದ್ದು ತಿನ್ನುತ್ತಿದ್ದವು. ಬೀಜ ಅವುಗಳ ಹೊಟ್ಟೆಯಲ್ಲಿ ಕರಗುವುದಿಲ್ಲ, ಸಿಪ್ಪೆಯಷ್ಟೇ ಮೆತ್ತಗಾಗಿ ಹಿಕ್ಕೆಯಲ್ಲಿ ಹೊರಗೆ ಬರುತ್ತದೆ. ಗದ್ದೆಯಲ್ಲಾದರೆ ಉಳುಮೆ, ಕೆಸರು ಕಲಸಲು ರೊಳ್ಳೆ ಹೊಡೆಯುವ ಅಬ್ಬರದಲ್ಲಿ ಮೊಳಕೆ ಮಣ್ಣುಪಾಲಾಗುತ್ತದೆ. ಆದ್ದರಿಂದಲೇ ನಮ್ಮಲ್ಲಿ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಲಾನನ್ನು ಯಾರೂ ಉಳುವುದಿಲ್ಲ.

ಒಂದು ತಿಂಗಳು ನಾನು ಬಾಯಿಬಿಡಲಿಲ್ಲ. ಸಾಹುಕಾರರು ಬರುವ ಮೊದಲೇ ಬಂದು ಸಸಿ ಕೀಳುತ್ತಿದ್ದೆ. ಜಾಲಿಯ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಅವಸರದಲ್ಲಿ ಎಳೆದರೆ ತುಂಡಾಗಿ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಕಾಣದೆ ಉಳಿದವುಗಳ ತಲೆಯನ್ನು ಹುಲ್ಲು ಕತ್ತರಿಸುವ ಯಂತ್ರ ಹಾರಿಸುತ್ತಿತ್ತು, ಬುಡ ಗಟ್ಟಿ ಮೊಳೆಯಾಗಿ ನಿಲ್ಲುತ್ತಿತ್ತು, ಅದರ ಕಂಕುಳಲ್ಲಿ ಎರಡೆರಡು ಮುಳ್ಳು. ಮೇಲೆ ಮಾತ್ರ ಕಣ್ಣಿಗೆ ತಂಪಾದ ಹಸಿರು. "ಏನ್ ಚಂದ ಬಂದೈತೋ!" ಎಂದು ಅಕ್ಕಾವ್ರು ಕುರ್ಚಿಯಿಂದ ಕೂಗಿದರೆ ನನಗೆ ಯಾರೋ ಕೆನ್ನೆಗೆ ಬಾರಿಸಿದಂತಾಗುತ್ತಿತ್ತು. ಸಿಟ್ಟನ್ನು ಕೆಲಸದ ಹೆಂಗಸರ ಮೇಲೆ ಕಾರಿದೆ, ಯಂತ್ರದ ಮೇಲೆ ಕಾರಿದೆ, ಒಂದೆರಡು ದಿನ ಮನಸ್ಸಿನಲ್ಲೇ ಅಪ್ಪನ ಮೇಲೂ.

ಮಹಾನವಮಿಗೆ ಇಪ್ಪತ್ತು ದಿನ ಇರುವಾಗ ಗಂಡ ಚಹಾ ಕೊಡುತ್ತ ಹೇಳಿದರು. "ಹಬ್ಬ ಮುಗದ ಮರುದಿನಾ ಹುಲ್ಲಿನ ಮ್ಯಾಲ ಇಳಸೋಣು ಅಂದಾಳ ಆ ಹುಡುಗಿ. ಒಂದ ಚಿಂತಿ ನೋಡಪಾ. ಎಡಗಾಲಿಗೆ ಏನೂ ತಿಳಿಯಂಗಿಲ್ಲ. ಮೊನ್ನೆ ಪಿನ್ನ ಚುಚ್ಚಿ ರಕ್ತ ಬಂದ್ರೂ ಆಕಿಗೆ ಗೊತ್ತಾಗಲಿಲ್ಲ. ಹುಲ್ಲಿನ್ಯಾಗ ಕಲ್ಲು ಗಿಲ್ಲು ಇಲ್ಲಲಾ?"

ಕಪ್ಪನ್ನು ಹಾಗೇ ಇಟ್ಟು ಸಾಹುಕಾರರ ಹತ್ತಿರ ಹೋದೆ. ಅವರು ಅಂಚಿನ ಮೇಲೆ ಕೊಡೆ ಹಿಡಿದು ನಿಂತಿದ್ದರು.

"ಗೊಬ್ಬರ ನಮ್ಮ ಗುಂಡೀದಲ್ಲರಿ ಸಾವ್ಕಾರ್ರ. ನಮ್ಮಪ್ಪನ ಹಟ್ಟೀದು. ಜಾಲಿ ಎದ್ದಾವು."

"ಯಾವಾಗಿಂದ ಗೊತ್ತೈತಿ?"

"ತಿಂಗಳಾತ್ರಿ."

"ತಿಂಗಳಾ!" ಅವರು ದನಿ ಎತ್ತಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಕೊಡೆ ಮಡಚಿ, "ಸುಳ್ಳ ಹೇಳಿದ್ದಕ್ಕ ನಿನ್ನ ಇವತ್ತ ಮನಿಗೆ ಕಳಸಬೇಕ. ಆದ್ರ ಮುಳ್ಳ ಎಲ್ಲೆಲ್ಲಿ ಅದಾವು ಅನ್ನೂದು ನಿನ್ನ ಬಿಟ್ರ ಯಾರಿಗೂ ಗೊತ್ತಿಲ್ಲ. ಮೊದಲ ಅವನ್ನ ತಗಿ" ಎಂದರು. ಆಮೇಲೆ ತಾವೇ ಪಡಸಾಲೆಗೆ ಹೋಗಿ ಕೈಮುಗಿದು, "ನಮ್ಮ ಕೈಯಾಗ ತಪ್ಪ ಆಗೈತ್ರಿ" ಎಂದು ಗಂಡನಿಗೆ ತಿಳಿಸಿದರು. ನನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಎತ್ತಲಿಲ್ಲ.

ಎಲ್ಲ ಅಗೆದು ಹೊಸದಾಗಿ ನೆಡಲು ನಾಲ್ಕು ತಿಂಗಳು ಬೇಕು, ಅಷ್ಟು ದಿನ ಅಕ್ಕಾವ್ರನ್ನು ಕುರ್ಚಿಯಲ್ಲೇ ಕೂರಿಸುವಂತಿರಲಿಲ್ಲ. ಇಪ್ಪತ್ತು ದಿನ ನಾನು ಮೊಣಕಾಲ ಮೇಲೆಯೇ ಇದ್ದೆ. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಒಂದು ಮೊಳ ಅಗಲದ ಪಟ್ಟಿ ಮಾಡಿಕೊಂಡು, ಖುರ್ಪಿಯಿಂದ ಒಂದೊಂದೇ ಬೇರನ್ನು ಪೂರಾ ಎತ್ತಿದೆ. ಎರಡು ಬುಟ್ಟಿ ಮುಳ್ಳು ಹೊರಗೆ ಹೋಯಿತು. ಹಬ್ಬದ ಹಿಂದಿನ ದಿನ, "ಮುಗೀತ್ರಿ" ಎಂದೆ.

"ಬರಿಗಾಲಲೇ ಅಡ್ಡಾಡಿ ನೋಡೀಯೇನು?"

ನೋಡಿದ್ದೆ. ಒಂದೂ ಚುಚ್ಚಿರಲಿಲ್ಲ. ಸಾಹುಕಾರರು "ಕಾಲ ಎತ್ತು" ಎಂದರು. ಎತ್ತಿ ತೋರಿಸಿದೆ. ಅವರು ಬಗ್ಗಿ ನೋಡಿ, ಕೋಲಿನ ತುದಿಯಿಂದ ನನ್ನ ಅಂಗಾಲನ್ನು ಒತ್ತಿದರು. ಅಂಗಾಲಲ್ಲಿ ಎರಡು ಜಾಲಿಮುಳ್ಳು ಮುರಿದುಕೊಂಡಿದ್ದವು. ನನಗೆ ಗೊತ್ತೇ ಆಗಿರಲಿಲ್ಲ. ಹುಟ್ಟಿದಾಗಿನಿಂದ ಕುರಿಯ ಹಿಂದೆ ಬರಿಗಾಲಲ್ಲಿ ತಿರುಗಿದ ಕಾಲು, ಚಕ್ಕಡಿ ಗಾಲಿಯ ಪಟ್ಟಿಯಷ್ಟು ದಪ್ಪ. ಕೆಲಸಕ್ಕೆ ಬರುತ್ತಿದ್ದ ಹೆಂಗಸರೂ ಗದ್ದೆಯವರೇ, ಅವರ ಕಾಲೂ ಅಂಥವೇ. ಗಂಡನಿಗೆ ಮೊಣಕಾಲುನೋವು, ಚಪ್ಪಲಿ ಇಲ್ಲದೆ ಎರಡು ಹೆಜ್ಜೆ ಇಡಲಾಗುತ್ತಿರಲಿಲ್ಲ.

ಸಾಹುಕಾರರು ತಮ್ಮ ಕಾಲು ನೋಡಿಕೊಂಡರು. ಅಂಗಡಿ ಮನೆತನದ ಕಾಲು ಅವರದು, ಜೀವಮಾನವಿಡೀ ಗಾದಿಯ ಮೇಲೆ, ಚಪ್ಪಲಿಯೊಳಗೆ ಇದ್ದದ್ದು. ಅವರು ಕೋಲನ್ನು ಗೋಡೆಗೆ ಆನಿಸಿದರು. ಚಪ್ಪಲಿ ಬಿಟ್ಟರು. ಧೋತರ ಮೇಲಕ್ಕೆ ಕಟ್ಟಿದರು. ಕಣ್ಣು ಮುಚ್ಚಿ ಏನೋ ಅಂದುಕೊಂಡು, ಅಂಚಿನಿಂದ ಇಳಿದು ಹುಲ್ಲಿನ ಮೇಲೆ ಕಾಲಿಟ್ಟರು.

"ಬ್ಯಾಡ್ರಿ ಸಾವ್ಕಾರ್ರ" ಎಂದು ನಾನು ಅಂದೆ. ಚಾತುರ್ಮಾಸ ಮುಗಿಯಲು ಇನ್ನೂ ತಿಂಗಳ ಮೇಲಿತ್ತು.

"ನನ್ನ ಹಿಂದ ಬಾ" ಎಂದರು, ಅಷ್ಟೇ.

ಹಗ್ಗದ ಗುಂಟ, ಹೆಜ್ಜೆಗೆ ಹೆಜ್ಜೆ ತಗುಲಿಸಿಕೊಂಡು, ಭಾರವನ್ನು ಪೂರಾ ಬಿಟ್ಟು ನಡೆದರು. ಎಲ್ಲಿ ಚುಚ್ಚಿತೋ ಅಲ್ಲಿ ನಿಲ್ಲುತ್ತಿದ್ದರು. ಹಾ ಎನ್ನುತ್ತಿರಲಿಲ್ಲ, ಹೂ ಎನ್ನುತ್ತಿರಲಿಲ್ಲ, ಕಾಲೆತ್ತಿ ಬೆರಳು ತೋರಿಸುತ್ತಿದ್ದರು. ನಾನು ಖುರ್ಪಿ ಇಳಿಸಿ ಬುಡ ತೆಗೆಯುತ್ತಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿದವರು ಮೂರು ಗಂಟೆಗೆ ತುಳಸಿಕಟ್ಟೆಯ ಹತ್ತಿರ ಮುಗಿಸಿದರು. ನಾನು ಮುಗೀತು ಎಂದಿದ್ದ ಲಾನಿನಲ್ಲಿ ಅವರ ಕಾಲಿಗೆ ಹದಿನೇಳು ಸಿಕ್ಕಿದ್ದವು. ಕೊನೆಗೆ ಇಟ್ಟಂಗಿಯ ಮೇಲೆ ಕೂತು ಅಂಗಾಲು ತೊಳೆದುಕೊಂಡಾಗ ನೀರು ಕೆಂಪಾಗಿ ಹರಿಯಿತು. ನಾನು ಅತ್ತುಬಿಟ್ಟೆ. "ಅಳಬ್ಯಾಡೋ, ಹಗ್ಗ ಸುತ್ತಿಡು" ಎಂದರು.

ಮರುದಿನ ನರ್ಸರಿಗೆ ಹೋದಾಗ ಅವರ ಮನೆಯವರು ಹೊರಗೆ ಬಂದು, "ಅವರ ಬರಂಗಿಲ್ಲ ಇವತ್ತು. ಮೂರ ದಿನ ಉಪವಾಸ ಹಿಡದಾರ, ನೀರ ಅಷ್ಟ. ಯಾಕಂತ ಕೇಳಿದ್ರ ಹೇಳವಲ್ರು. ನಿನಗೇನರ ಗೊತ್ತೈತೇನಪಾ?" ಎಂದರು. ನನಗೆ ಗೊತ್ತಿತ್ತು. ನೇಮ ಮುರಿದು ಹುಲ್ಲು ತುಳಿದದ್ದಕ್ಕೆ ಅದು ಪ್ರಾಯಶ್ಚಿತ್ತ.

ಹಬ್ಬದ ಮರುದಿನ ಅಕ್ಕಾವ್ರು ಹುಲ್ಲಿನ ಮೇಲೆ ಇಳಿದರು. ಒಂದು ಕಡೆ ಗಂಡ, ಇನ್ನೊಂದು ಕಡೆ ಆ ಹುಡುಗಿ. ಅವತ್ತು ಆರು ಹೆಜ್ಜೆ, ಮರುದಿನ ಹತ್ತು. ಪ್ರತಿ ಸಲ ಅವರು ಕುರ್ಚಿಗೆ ಮರಳಿದ ಮೇಲೆ ನಾನು ಎಡಗಾಲಿನ ಅಂಗಾಲನ್ನು ಒರೆಸುವ ನೆಪದಲ್ಲಿ ನೋಡುತ್ತಿದ್ದೆ. ಏನೂ ಇರುತ್ತಿರಲಿಲ್ಲ. ಎರಡನೆಯ ವಾರದ ಕೊನೆಗೆ, ಗಂಡನ ಕೈಯನ್ನಷ್ಟೇ ಹಿಡಿದು ತುಳಸಿಕಟ್ಟೆ ಮುಟ್ಟಿದರು.

ಅವತ್ತು ಸಾಹುಕಾರರು, "ಈಗ ನಿಮ್ಮಪ್ಪಗ ಹೇಳು" ಎಂದರು. ಊರಿಗೆ ಹೋಗಿ ಎಲ್ಲ ಹೇಳಿದೆ, ಸುಳ್ಳನ್ನೂ ಬಿಡದೆ. ಅಪ್ಪ ತಲೆಯ ಮೇಲಿನ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದ. "ಕಾಯಿ ಉದರಿಸಿದಾಂವ ನಾನ. ನನಗ ತಿಳೀಬೇಕಾಗಿತ್ತು" ಎಂದ. ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಹೊಸ ಅಂಗಿ ಹಾಕಿ ಕೂತಿದ್ದ. ಬೆಳಗಾವಿಗೆ ಬರುತ್ತೇನೆ, ಆ ಬಾಯಾರ ಕಾಲು ಹಿಡಿಯಬೇಕು ಎಂದ.

ದೇಸೂರದಿಂದ ಸಾಹುಕಾರರನ್ನೂ ಕರೆದುಕೊಂಡು ನಾವು ಹೋದಾಗ ಸಂಜೆ ದೀಪದ ಹೊತ್ತು. ಅಕ್ಕಾವ್ರು ಹುಲ್ಲಿನ ನಡುವೆ ನಿಂತಿದ್ದರು. ಗಂಡ ಎರಡು ಮೊಳ ಹಿಂದೆ, ಕೈ ಚಾಚಿಕೊಂಡು, ಆದರೆ ಮುಟ್ಟದೆ. ಅಕ್ಕಾವ್ರ ಬಲಗೈಯಲ್ಲಿ ಹಚ್ಚಿದ ದೀಪವಿತ್ತು. ಅಪ್ಪ ಅಂಚಿನಾಚೆಯೇ ಕೈಮುಗಿದು ನಿಂತ. ಆ ನಾಲ್ಕು ಚೀಲ ನಮ್ಮಪ್ಪನವು ಎಂದು ನಾನೇ ಹೇಳಿದೆ. ಅಕ್ಕಾವ್ರು ಅವನನ್ನು ನೋಡಿದರು, ಅವನ ಕಾಲನ್ನೂ ನೋಡಿದರು.

"ಬರ್ರಿ, ನೀವೂ ಅಡ್ಡಾಡಿ ನೋಡ್ರಿ" ಎಂದರು.

"ನನ್ನ ಕಾಲಿಗೆ ಏನೂ ತಿಳಿಯಂಗಿಲ್ರೀ, ಅಕ್ಕಾವ್ರ."

"ನನಗೂ ತಿಳಿಯಂಗಿಲ್ಲ. ಬರ್ರಿ."

ಅಪ್ಪ ಚಪ್ಪಲಿ ಬಿಟ್ಟು ಹುಲ್ಲಿಗೆ ಇಳಿದ. ಅಕ್ಕಾವ್ರ ಎಡಗಡೆಗೆ, ಒಂದು ಹೆಜ್ಜೆ ಹಿಂದೆ ನಿಂತುಕೊಂಡ, ಹಿಂಡಿನಲ್ಲಿ ಕುಂಟುವ ಕುರಿ ಇದ್ದರೆ ನಿಲ್ಲುತ್ತಿದ್ದ ಹಾಗೆ. ಇಬ್ಬರೂ ನಿಧಾನವಾಗಿ ತುಳಸಿಕಟ್ಟೆಯ ಕಡೆ ನಡೆದರು. ಸಾಹುಕಾರರು ಇಟ್ಟಂಗಿಯ ಅಂಚಿನ ಮೇಲೆಯೇ ನಿಂತು ನೋಡುತ್ತಿದ್ದರು. ಅವರ ನೇಮ ಮುಗಿಯಲು ಇನ್ನೂ ಎರಡು ವಾರವಿತ್ತು.